ತಿರುವನಂತಪುರದ ಬಿಳಿನೊಣ, ಕೊಚ್ಚಿ ಕಡೆಯ ನುಸಿ: ಸಿಕಾಡ ಮತ್ತು ರಸ ಹೀರುವ ಕೀಟಗಳ ಮುಖ್ಯಾಂಶಗಳು

ರಸ ಹೀರುವ ಕೀಟಗಳ ಅಧ್ಯಾಯವನ್ನು ಹೆಚ್ಚಿನವರು ಹೆಸರುಗಳ ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯ ಹಿಂದಿನ ದಿನ ಬಿಳಿನೊಣಕ್ಕೂ ಹಿಟ್ಟು ತಿಗಣೆಗೂ ಗೊಂದಲ ಮಾಡಿಕೊಳ್ಳುತ್ತಾರೆ. ಇದನ್ನು ಭೂಪಟ ಎದುರಿಗಿಟ್ಟುಕೊಂಡು ಓದುವುದು ಒಳ್ಳೆಯದು. ದಕ್ಷಿಣ ಭಾರತದ ತೋಟಗಳನ್ನು ಕಾಡಿದ ಹಲವು ರಸಹೀರುಕಗಳು ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕೇರಳದಲ್ಲಿ: ಒಂದು ತಿರುವನಂತಪುರದಲ್ಲಿ, ಒಂದು ಕೊಚ್ಚಿಗೆ ಹತ್ತಿರದ ಹಳ್ಳಿಯಲ್ಲಿ, ಒಂದು ತ್ರಿಶೂರಿನಲ್ಲಿ. ಬಂದರು, ವಿಮಾನ ನಿಲ್ದಾಣ, ವರ್ಷವಿಡೀ ಆರದ ತೇವ, ಒಂದೇ ಹಿತ್ತಲಲ್ಲಿ ತೆಂಗು, ಬಾಳೆ, ಮರಗೆಣಸು, ಮೆಣಸಿನ ಬಳ್ಳಿ ಒತ್ತೊತ್ತಾಗಿ ಬೆಳೆಯುವ ಪದ್ಧತಿ, ಇವೆಲ್ಲ ಕಾರಣ. ಆದರೆ ಮೊದಲು ಕಂಡ ಊರೇ ಮೊದಲು ಬಂದಿಳಿದ ಊರು ಆಗಿರಬೇಕೆಂದೇನಿಲ್ಲ. ನೋಡುವ ಕಣ್ಣಿದ್ದ ಕಡೆ ಕೀಟ ಬೇಗ ಸಿಗುತ್ತದೆ, ಮತ್ತು ಕೇರಳದಲ್ಲಿ ಅಂಥ ಸಂಶೋಧನಾ ಕೇಂದ್ರಗಳು ಹೆಚ್ಚು.

ವರ್ಗೀಕರಣ

ಗಣ: ಹೆಮಿಪ್ಟೆರ. ಕನ್ನಡದಲ್ಲಿ ತಿಗಣೆಗಳ ಗಣ ಎನ್ನಬಹುದು. ಜಗತ್ತಿನಲ್ಲಿ 80,000ಕ್ಕೂ ಹೆಚ್ಚು ಪ್ರಭೇದಗಳು. ಗುರುತು ಒಂದೇ: ಚುಚ್ಚಿ ಹೀರುವ, ಸೂಜಿಯಂಥ ಬಾಯಿ. ರೂಪಾಂತರ ಅಪೂರ್ಣ, ಅಂದರೆ ಮೊಟ್ಟೆ, ಮರಿ, ಪ್ರೌಢ. ನಡುವೆ ಚಿಟ್ಟೆಯಂತೆ ಕೋಶಾವಸ್ಥೆ ಇಲ್ಲ. (ಗಂಡು ಶಲ್ಕ ಕೀಟ, ಬಿಳಿನೊಣಗಳಲ್ಲಿ ಕೋಶವನ್ನು ಹೋಲುವ ಹಂತ ಇದೆ, ಸಾಮಾನ್ಯ ಪ್ರಶ್ನೆಗೆ ಅದು ಬೇಕಾಗುವುದಿಲ್ಲ.)

- ಆಕೆನೊರಿಂಕ ಉಪಗಣ: ಸಿಕಾಡ, ಎಲೆ ಜಿಗಿಹುಳು, ಸಸ್ಯ ಜಿಗಿಹುಳು, ನೊರೆ ಕಟ್ಟಿಕೊಂಡು ಅದರೊಳಗೆ ಕೂರುವ ನೊರೆಹುಳು.
- ಸ್ಟರ್ನೊರಿಂಕ ಉಪಗಣ: ಗಿಡಹೇನು, ಬಿಳಿನೊಣ, ಹಿಟ್ಟು ತಿಗಣೆ, ಶಲ್ಕ ಕೀಟ, ಸಿಲಿಡ್. ಅರಗಿನ ಹುಳು ಕೂಡ ಇಲ್ಲಿಯದೇ.
- ಹೆಟೆರಾಪ್ಟೆರ ಉಪಗಣ: ನಿಜ ತಿಗಣೆಗಳು. ಹಾಸಿಗೆಯ ತಿಗಣೆ, ಗೇರಿನ ಟೀ ಸೊಳ್ಳೆ, ತೆಂಗಿನ ಜಾಲರೆಕ್ಕೆ ತಿಗಣೆ.

ಬಿಳಿನೊಣ ನೊಣವಲ್ಲ, ಗಿಡಹೇನು ಹೇನಲ್ಲ, ಟೀ ಸೊಳ್ಳೆ ಸೊಳ್ಳೆಯಲ್ಲ. ಮೂರೂ ಹೆಮಿಪ್ಟೆರ. ಬಹು ಆಯ್ಕೆಯ ಪ್ರಶ್ನೆ ಮಾಡುವವರಿಗೆ ಇದಕ್ಕಿಂತ ಸುಲಭದ ಬಲೆ ಇನ್ನೊಂದಿಲ್ಲ.

ಭಾರತದ ಹೆಮಿಪ್ಟೆರಗಳ ಹಳೆಯ ಆಕರ ಡಬ್ಲ್ಯು. ಎಲ್. ಡಿಸ್ಟಂಟ್ ಬರೆದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸರಣಿಯ ರಿಂಕೋಟ ಸಂಪುಟಗಳು (1902–1918, ಒಟ್ಟು 7). ಸಿಕಾಡಗಳು 1906ರ ಮೂರನೆಯ ಸಂಪುಟದಲ್ಲಿವೆ. ಎಲೆ ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತೇ ಕೇಳುವ ಹೆಸರು ನಮ್ಮವರದು: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಿ. ಎ. ವಿರಕ್ತಮಠ.

ಸಿಕಾಡ

ಮಲೆನಾಡು, ಕರಾವಳಿಯ ಆಡುಮಾತಿನಲ್ಲಿ ಜೀರುಂಡೆ. ಪಠ್ಯಪುಸ್ತಕಗಳು ಕೆಲವೊಮ್ಮೆ ದುಂಬಿಗಳ ಗಣಕ್ಕೂ ಇದೇ ಹೆಸರು ಕೊಡುವುದರಿಂದ ಉತ್ತರದಲ್ಲಿ ‘ಸಿಕಾಡ’ ಎಂದೇ ಬರೆಯುವುದು ಕ್ಷೇಮ. ಜಗತ್ತಿನಲ್ಲಿ 3,000ಕ್ಕೂ ಹೆಚ್ಚು ಪ್ರಭೇದ. 2016ರಲ್ಲಿ ಪ್ರಕಟವಾದ ಪಟ್ಟಿಯಂತೆ ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ 189.

ಹಾಡುವುದು ಗಂಡು ಮಾತ್ರ. ಹೊಟ್ಟೆಯ ಬುಡದಲ್ಲಿ ಎರಡೂ ಬದಿಗೆ ಟಿಂಬಲ್ ಎಂಬ ಏಣುಳ್ಳ ಪೊರೆ ಇದೆ. ಒಳಗಿನ ಸ್ನಾಯು ಎಳೆದಾಗ ಪೊರೆ ಒಳಕ್ಕೆ ಬಾಗಿ ‘ಟಿಕ್’ ಎನ್ನುತ್ತದೆ, ಬಿಟ್ಟಾಗ ಹಿಂದಕ್ಕೆ ಚಿಮ್ಮಿ ಮತ್ತೊಮ್ಮೆ. ತಗಡಿನ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಂತೆ. ಇದು ಸೆಕೆಂಡಿಗೆ ನೂರಾರು ಬಾರಿ ನಡೆಯುವುದರಿಂದ ನಮಗೆ ಒಂದೇ ಎಳೆಯ ಕೂಗಾಗಿ ಕೇಳುತ್ತದೆ. ಗಂಡಿನ ಹೊಟ್ಟೆ ಬಹುಪಾಲು ಟೊಳ್ಳು, ಹಾಗಾಗಿ ಸದ್ದು ದೊಡ್ಡದಾಗುತ್ತದೆ. ರಾತ್ರಿ ಮನೆಯ ಮೂಲೆಯಲ್ಲಿ ಚಿರ್‌ಗುಟ್ಟುವ ಕ್ರಿಕೆಟ್ ಹುಳು ಬೇರೆ: ಅದು ಮಿಡತೆಯ ಗಣ (ಆರ್ಥಾಪ್ಟೆರ), ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ, ಅದರ ಬಾಯಿ ಕಚ್ಚಿ ಅಗಿಯುವಂಥದು.

ಹೆಣ್ಣು ಎಳೆ ರೆಂಬೆಯನ್ನು ಸೀಳಿ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿ ನೆಲಕ್ಕೆ ಬಿದ್ದು, ಅಗೆಯಲೆಂದೇ ಇರುವ ಮುಂಗಾಲಿನಿಂದ ಮಣ್ಣಿಗೆ ಇಳಿದು, ಬೇರಿನ ರಸ ಕುಡಿಯುತ್ತ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆಯುಷ್ಯದ ಬಹುಪಾಲು ಕತ್ತಲಲ್ಲಿ, ಮೇಲೆ ಬಂದ ಮೇಲೆ ಕೆಲವೇ ವಾರ. ಅಡಿಕೆ ಮರದ ಕಾಂಡಕ್ಕೆ ಕಚ್ಚಿಕೊಂಡಿರುವ ಕಂದು ಬಣ್ಣದ, ಬೆನ್ನು ಬಿರಿದ ಖಾಲಿ ಚಿಪ್ಪು ಕೊನೆಯ ಬಾರಿ ಕಳಚಿದ ಪೊರೆ.

ನಿಗದಿತ ಅವಧಿಯ ಸಿಕಾಡಗಳನ್ನು ಹೀಗೆ ನೆನಪಿಡಿ:

- ಅಮೆರಿಕದ ಮ್ಯಾಜಿಸಿಕಾಡ: 13 ಮತ್ತು 17 ವರ್ಷ. 2024ರಲ್ಲಿ 13 ವರ್ಷದ 19ನೇ ತಂಡವೂ 17 ವರ್ಷದ 13ನೇ ತಂಡವೂ ಒಟ್ಟಿಗೆ ಎದ್ದವು. ಅದಕ್ಕೆ ಮೊದಲು ಹೀಗಾದದ್ದು 1803ರಲ್ಲಿ; 13×17 = 221 ವರ್ಷ. ಮುಂದಿನದು 2245.
- ಮೇಘಾಲಯದ ರಿ-ಭೋಯ್ ಜಿಲ್ಲೆಯ ಕ್ರೆಮಿಸ್ಟಿಕ ರಿಭೋಯಿ: 4 ವರ್ಷ. 2006, 2010, 2014, 2018, 2022. ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷಗಳೇ ಇವು, ಹಾಗಾಗಿ ‘ವಿಶ್ವಕಪ್ ಸಿಕಾಡ’ ಎಂಬ ಅಡ್ಡಹೆಸರು. ವೈಜ್ಞಾನಿಕ ಹೆಸರು ಕೊಟ್ಟು ದಾಖಲಿಸಿದ್ದು 2013ರಲ್ಲಿ.
- ಫಿಜಿ ದ್ವೀಪದ ನನಾಯ್: 8 ವರ್ಷ. ಆ ದೇಶದ ನೂರು ಡಾಲರ್ ನೋಟಿನ ಮೇಲೂ ಮುದ್ರಣಗೊಂಡಿದೆ.

ಪಶ್ಚಿಮ ಘಟ್ಟದ ಸಿಕಾಡಗಳಲ್ಲಿ ಒಂದು ಪುರಾನ ಚೀವೀಡ. ಮಲಯ ಪ್ರದೇಶದ ಪುರಾನ ಟಿಗ್ರಿನ ಎಂದೇ ಬಹುಕಾಲ ದಕ್ಷಿಣ ಭಾರತದ ಪಟ್ಟಿಗಳಲ್ಲಿ ಇದ್ದ ಹುಳುವನ್ನು ಈಚೆಗೆ ಬೇರೆ ಪ್ರಭೇದ ಎಂದು ಗುರುತಿಸಲಾಯಿತು. ಎರಡನೆಯ ಪದ ಮಲಯಾಳಿಗಳು ಈ ಹುಳುವನ್ನು ಕರೆಯುವ ‘ಚೀವೀಡು’ ಎಂಬುದರಿಂದ ಬಂದದ್ದು. ಹೊಸ ಪ್ರಭೇದ ಅಂದರೆ ಯಾರೂ ಕಾಣದ ಪ್ರಾಣಿ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಹುಳು ಹಳೆಯದು, ಹೆಸರಷ್ಟೇ ತಪ್ಪಿತ್ತು.

ಸೈಲೆಂಟ್ ವ್ಯಾಲಿ

ಪಾಲಕ್ಕಾಡ್ ಜಿಲ್ಲೆ. ಹಳೆಯ ಹೆಸರು ಸೈರಂಧ್ರೀವನ. ವಿರಾಟನ ಮನೆಯಲ್ಲಿ ದ್ರೌಪದಿ ಇಟ್ಟುಕೊಂಡ ಹೆಸರೇ ಸೈರಂಧ್ರಿ. ಕಣಿವೆಯ ಹೊಳೆ ಕುಂತಿ. ಇಂಗ್ಲಿಷರು ‘ಮೌನ’ ಎಂದು ಕರೆದದ್ದಕ್ಕೆ ಪ್ರಚಲಿತ ವಿವರಣೆ ಅಲ್ಲಿ ಸಿಕಾಡಗಳ ಗದ್ದಲ ಇರಲಿಲ್ಲ ಎಂಬುದು. ಸಿಂಗಳೀಕದ ವೈಜ್ಞಾನಿಕ ಹೆಸರಾದ ಮಕಾಕ ಸೈಲೆನಸ್‌ನಿಂದ ಬಂತು ಎನ್ನುವವರೂ ಇದ್ದಾರೆ. ಉತ್ತರ ಬರೆಯುವಾಗ ‘ಎಂಬ ವಿವರಣೆ ಇದೆ’ ಎಂದು ಸೇರಿಸಿ, ಸಿದ್ಧ ಸತ್ಯದಂತೆ ಬರೆಯಬೇಡಿ.

- 1973: ಜಲವಿದ್ಯುತ್ ಯೋಜನೆಗೆ ಯೋಜನಾ ಆಯೋಗದ ಒಪ್ಪಿಗೆ. ಎದುರಿಸಿದವರಲ್ಲಿ ಮುಂಚೂಣಿ: ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ತಿರುವನಂತಪುರದ ಕವಯಿತ್ರಿ ಸುಗತಕುಮಾರಿ.
- 15 ನವೆಂಬರ್ 1984: ರಾಷ್ಟ್ರೀಯ ಉದ್ಯಾನ ಎಂದು ಘೋಷಣೆ. 7 ಸೆಪ್ಟೆಂಬರ್ 1985: ರಾಜೀವ್ ಗಾಂಧಿ ಅವರಿಂದ ಉದ್ಘಾಟನೆ. ಎರಡು ದಿನಾಂಕಗಳು ಅದಲುಬದಲಾಗುವುದು ಸಾಮಾನ್ಯ.
- 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಲ ಮೀಸಲಿನ ಭಾಗ. ಅದು ದೇಶದ ಮೊದಲ ಜೀವಗೋಲ ಮೀಸಲು.

ಕ್ಸೈಲಮ್ ಕುಡಿಯುವವರು, ಫ್ಲೋಯಮ್ ಕುಡಿಯುವವರು

ಈ ಅಧ್ಯಾಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಯಾವುದೆಂದರೆ ಇದು. ಉಳಿದದ್ದರ ಅರ್ಧ ಇದರಿಂದಲೇ ಬಿಡಿಸಿಕೊಳ್ಳುತ್ತದೆ.

ಕ್ಸೈಲಮ್ ಬೇರಿನಿಂದ ನೀರು, ಖನಿಜ ಒಯ್ಯುವ ನಾಳ. ಅದರೊಳಗೆ ಒತ್ತಡ ಋಣಾತ್ಮಕ, ಅಂದರೆ ಚುಚ್ಚಿದರೂ ರಸ ತಾನಾಗಿ ಹೊರಬರುವುದಿಲ್ಲ, ಬಲವಾಗಿ ಎಳೆಯಬೇಕು. ಸಿಕ್ಕಿದ್ದರಲ್ಲಿ ಪೋಷಕಾಂಶ ಅತ್ಯಲ್ಪ. ಹಾಗಾಗಿ ಸಿಕಾಡ ಮತ್ತು ನೊರೆಹುಳುಗಳಿಗೆ ದಪ್ಪ ಹಣೆ, ಅದರೊಳಗೆ ದೊಡ್ಡ ಪಂಪಿನಂಥ ಸ್ನಾಯು. ಕುಡಿದದ್ದರ ಬಹುಪಾಲು ನೀರಾಗಿಯೇ ಹೊರಹೋಗುತ್ತದೆ. ಸಿಕಾಡ ಈ ನೀರನ್ನು ಹನಿಹನಿಯಾಗಿ ಬಿಡದೆ ಸೆಕೆಂಡಿಗೆ 3 ಮೀಟರ್‌ವರೆಗಿನ ವೇಗದಲ್ಲಿ ಚಿಮ್ಮಿಸುತ್ತದೆ ಎಂದು ಅಮೆರಿಕದ ಜಾರ್ಜಿಯ ಟೆಕ್‌ನಲ್ಲಿ ಸಾದ್ ಭಾಮ್ಲಾ ಅವರ ತಂಡ 2024ರಲ್ಲಿ ಅಳೆದು ತೋರಿಸಿತು. ಬೇಸಗೆಯ ಮಧ್ಯಾಹ್ನ ಮೋಡವಿಲ್ಲದೆ ಮರದಡಿ ತುಂತುರು ಬೀಳುವುದರ ಗುಟ್ಟು ಇದೇ. ಫೋರ್ಟ್ ಕೊಚ್ಚಿಯ ಮೈದಾನದ ಸುತ್ತ ಕೊಡೆ ಹಿಡಿದಂತೆ ನಿಂತಿರುವ ದಕ್ಷಿಣ ಅಮೆರಿಕ ಮೂಲದ ಮಳೆಮರಕ್ಕೆ ಆ ಹೆಸರು ಬಂದದ್ದಕ್ಕೂ ಒಂದು ವಿವರಣೆ ಸಿಕಾಡಗಳು ಸುರಿಸುವ ಈ ನೀರೇ.

ಫ್ಲೋಯಮ್ ಎಲೆಯಲ್ಲಿ ತಯಾರಾದ ಸಕ್ಕರೆ ಒಯ್ಯುವ ನಾಳ. ಇಲ್ಲಿ ಒತ್ತಡ ಧನಾತ್ಮಕ. ಚುಚ್ಚಿದರೆ ರಸ ತಾನೇ ನುಗ್ಗುತ್ತದೆ. ಸಕ್ಕರೆ ಬೇಕಾದಷ್ಟು, ಅಮೈನೊ ಆಮ್ಲ ಕಡಿಮೆ. ಅದಕ್ಕಾಗಿ ಗಿಡಹೇನು, ಬಿಳಿನೊಣ, ಹಿಟ್ಟು ತಿಗಣೆಗಳು ಬೇಕಾದ್ದಕ್ಕಿಂತ ಹೆಚ್ಚು ಹೀರಿ, ಉಳಿದ ಸಕ್ಕರೆಯನ್ನು ಸಿಹಿ ಅಂಟಾಗಿ ಹಿಂದಿನಿಂದ ಬಿಡುತ್ತವೆ. ಅಂಟು ಕೆಳಗಿನ ಎಲೆಗೆ ಬಿದ್ದು ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಗಿಡವನ್ನು ತಿನ್ನುವುದಿಲ್ಲ, ಬೆಳಕಿಗೆ ಅಡ್ಡ ಬರುತ್ತದೆ ಅಷ್ಟೇ. ಮಸಿ ಬಳಿದಂತಿರುವ ತೆಂಗಿನ ಗರಿ ನೋಡಿ ರೋಗ ಎಂದು ಶಿಲೀಂಧ್ರನಾಶಕ ಸಿಂಪಡಿಸುವವರು ಹಣ ಕಳೆದುಕೊಳ್ಳುತ್ತಾರೆ.

ಎರಡೂ ಬಗೆಯವರಿಗೆ ಆಹಾರದ ಕೊರತೆ ತುಂಬಿಸಿಕೊಡುವುದು ದೇಹದೊಳಗಿನ ಬ್ಯಾಕ್ಟೀರಿಯ: ಗಿಡಹೇನಿನಲ್ಲಿ ಬುಕ್ನೆರ, ಸಿಕಾಡಗಳಲ್ಲಿ ಸಲ್ಸಿಯ ಮತ್ತು ಹಾಡ್ಜ್‌ಕಿನಿಯ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತವೆ.

ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದದ್ದು ಶಲ್ಕ ಕೀಟಗಳನ್ನು ಶತ್ರುಗಳಿಂದ ಕಾಯುತ್ತದೆ. ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿಯೂ ಹೀಗೆಯೇ. ಆದರೆ ಅದೇ ಚಗಳಿ ಗೇರು ಮರದಲ್ಲಿದ್ದರೆ ಟೀ ಸೊಳ್ಳೆಯನ್ನು ಹತ್ತಿರ ಬಿಡುವುದಿಲ್ಲ. ತೋಟದಲ್ಲಿ ಒಳ್ಳೆಯ ಹುಳು, ಕೆಟ್ಟ ಹುಳು ಎಂದು ಎರಡು ಕಾಲಂ ಎಳೆಯುವುದು ಪಠ್ಯಪುಸ್ತಕದ ಅನುಕೂಲಕ್ಕೆ ಮಾತ್ರ.

ತಿರುವನಂತಪುರ, 1993

ಸುರುಳಿ ಬಿಳಿನೊಣ, ಅಲ್ಯೂರೊಡೈಕಸ್ ಡಿಸ್ಪರ್ಸಸ್. ಮೂಲ ಮಧ್ಯ ಅಮೆರಿಕ ಮತ್ತು ಕೆರಿಬಿಯನ್. ಭಾರತದಲ್ಲಿ ಮೊದಲ ದಾಖಲೆ 1993ರಲ್ಲಿ ತಿರುವನಂತಪುರದಲ್ಲಿ, ಮರಗೆಣಸಿನ ಮೇಲೆ. ಎಲೆಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ ಗೆರೆ ಎಳೆದು ಮೊಟ್ಟೆ ಇಡುವುದೇ ಗುರುತು. ಕೆಲವೇ ವರ್ಷಗಳಲ್ಲಿ ಕರ್ನಾಟಕದ ಸೀಬೆ, ಪಪ್ಪಾಯಿ, ದಾಸವಾಳದ ಮೇಲೂ ಬಂತು.

ಮರಗೆಣಸಿನ ಮೇಲೇ ಸಿಕ್ಕಿದ್ದಕ್ಕೆ ಹಿನ್ನೆಲೆ ಉಂಟು. ತಿರುವಾಂಕೂರಿನ ದೊರೆ ವಿಶಾಖಂ ತಿರುನಾಳ್ (ಆಳ್ವಿಕೆ 1880–1885) ಅಕ್ಕಿಯ ಅಭಾವಕ್ಕೆ ಪರಿಹಾರವಾಗಿ ಈ ಬೆಳೆಗೆ ಪ್ರೋತ್ಸಾಹ ಕೊಟ್ಟವನು. ಕೇಂದ್ರ ಗೆಡ್ಡೆಬೆಳೆ ಸಂಶೋಧನಾ ಸಂಸ್ಥೆ 1963ರಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಶುರುವಾಯಿತು. ಬೆಳೆ ಅಲ್ಲಿತ್ತು, ಬೆಳೆಯನ್ನು ನೋಡುವವರೂ ಅಲ್ಲೇ ಇದ್ದರು.

ಹತೋಟಿಗೆ ಬಂದದ್ದು ಎನ್ಕಾರ್ಸಿಯ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಜದಿಂದ. ಅದನ್ನು ಯಾರೂ ವಿದೇಶದಿಂದ ತರಿಸಿದ್ದಲ್ಲ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಬಿಳಿನೊಣದ ಜೊತೆಗೇ ಬಂದು ನೆಲೆಸಿತ್ತು. ಅಲ್ಲಿಂದ ಮುಖ್ಯಭೂಮಿಗೆ ತಂದು ಬಿಡಲಾಯಿತು.

ಎರ್ನಾಕುಲಂ ಜಿಲ್ಲೆ, 1998

ತೆಂಗಿನ ನುಸಿ, ಅಸೇರಿಯ ಗೆರೆರೋನಿಸ್. ಭಾರತದಲ್ಲಿ ಮೊದಲ ವರದಿ 1998, ಕೊಚ್ಚಿಗೆ ಸಮೀಪದ ಆಂಬಲ್ಲೂರು ಪಂಚಾಯಿತಿ. ಹೆಸರು ಮೆಕ್ಸಿಕೊದ ಗೆರೆರೊ ರಾಜ್ಯದಿಂದ ಬಂದದ್ದು. 1965ರಲ್ಲಿ ಅಲ್ಲಿಯ ಮಾದರಿಯಿಂದ ವಿವರಿಸಲಾಯಿತು.

ನುಸಿ ಕೀಟವೇ ಅಲ್ಲ. ಜೇಡ, ಉಣ್ಣೆಗಳ ಬಳಗ. ಅದರಲ್ಲೂ ಈ ಬಗೆಯ ನುಸಿಗೆ ಎಂಟು ಕಾಲೂ ಇಲ್ಲ, ನಾಲ್ಕೇ. ಉದ್ದ ಮಿಲಿಮೀಟರಿನ ಕಾಲು ಭಾಗ. ಎಳೆಗಾಯಿಯ ತೊಟ್ಟಿನ ಟೊಪ್ಪಿಯೊಳಗೆ ನುಸುಳಿ ಅಲ್ಲಿಯ ಮೆದು ಪದರದ ರಸ ಹೀರುತ್ತದೆ. ಕಾಯಿ ದೊಡ್ಡದಾದಂತೆ ಹೀರಿದ ಜಾಗ ಕಂದು ಬಣ್ಣಕ್ಕೆ ತಿರುಗಿ ಬಿರಿಯುತ್ತದೆ, ಸಿಪ್ಪೆ ಗಟ್ಟಿಯಾಗುತ್ತದೆ, ಕಾಯಿ ಸಣ್ಣದಾಗುತ್ತದೆ. ತಿಪಟೂರು, ಮಂಡ್ಯ ಕಡೆಯ ಬೆಳೆಗಾರರಿಗೆ ‘ನುಸಿ ರೋಗ’ ಎಂದರೆ ಸಾಕು, ಇನ್ನೇನೂ ಹೇಳಬೇಕಿಲ್ಲ. ಟೊಪ್ಪಿಯೊಳಗೆ ಅಡಗಿರುವುದರಿಂದ ಸಿಂಪಡಣೆ ತಲುಪುವುದು ಕಷ್ಟ. ಇದರ ವಿರುದ್ಧ ಹಿರ್ಸುಟೆಲ್ಲ ಥಾಮ್ಸೋನಿ ಎಂಬ ಶಿಲೀಂಧ್ರದ ತಯಾರಿಕೆ ಬೆಂಗಳೂರಿನಲ್ಲಿ ರೂಪುಗೊಂಡಿತು.

2016: ಗರಿಯಡಿಯ ಬಿಳಿ ಸುರುಳಿ

ರುಗೋಸ್ ಸುರುಳಿ ಬಿಳಿನೊಣ, ಅಲ್ಯೂರೊಡೈಕಸ್ ರುಗಿಯೊಪರ್ಕ್ಯುಲೇಟಸ್. ಮಧ್ಯ ಅಮೆರಿಕದ ಬೆಲೀಜ್‌ನ ಮಾದರಿಯಿಂದ 2004ರಲ್ಲಿ ಹೆಸರು ಪಡೆಯಿತು, 2009ರಲ್ಲಿ ಫ್ಲಾರಿಡ. ಭಾರತದಲ್ಲಿ 2016ರ ಮಳೆಗಾಲದಲ್ಲಿ ತಮಿಳುನಾಡಿನ ಪೊಳ್ಳಾಚಿ ಮತ್ತು ಗಡಿಯಾಚೆಯ ಪಾಲಕ್ಕಾಡ್‌ನಲ್ಲಿ ಕಾಣಿಸಿತು. ಮುಂದೆ ದಕ್ಷಿಣ ಕನ್ನಡ, ಉಡುಪಿ, ಮಂಡ್ಯ, ತುಮಕೂರು.

ಇಲ್ಲಿ ಕೃಷಿ ವಿಜ್ಞಾನಿಗಳ ಸಲಹೆ ‘ಸಿಂಪಡಿಸಬೇಡಿ’ ಎಂದಿತ್ತು. ವಿಷ ಹೊಡೆದರೆ ಮೊದಲು ಸಾಯುವುದು ಎನ್ಕಾರ್ಸಿಯ ಗ್ವಾಡೆಲೂಪೆ ಎಂಬ ಕಣಜ. ತಿರುವನಂತಪುರದ ಹಳೆಯ ಬಿಳಿನೊಣವನ್ನು ಹಿಡಿದಿಟ್ಟ ಬಳಗದ್ದೇ. ಅದು ಆಗಲೇ ಇಲ್ಲಿ ನೆಲೆಸಿದ್ದರಿಂದ ಹೊಸ ಬಿಳಿನೊಣಕ್ಕೂ ಹಿಡಿತ ಸಿಕ್ಕಿತು. ಮಸಿ ಹಿಡಿದ ಗರಿಗೆ ನೂರಕ್ಕೆ ಒಂದು ಪ್ರಮಾಣದ ಗಂಜಿ ಸಿಂಪಡಿಸಿದರೆ ಬಿಸಿಲಿಗೆ ಒಣಗಿ ಬೂಷ್ಟಿನ ಸಮೇತ ಉದುರುತ್ತದೆ. ಈ ಬೂಷ್ಟನ್ನೇ ತಿಂದು ಗರಿ ತೊಳೆದಂತೆ ಮಾಡುವ ಲಿಯೋಕ್ರೈನಸ್ ನೀಲಗಿರಿಯಾನಸ್ ಎಂಬ ದುಂಬಿಯೂ ಕೇರಳದ ತೋಟಗಳಲ್ಲಿ ಸಿಕ್ಕಿತು. ಶಿಲೀಂಧ್ರ ಅಸ್ತ್ರ: ಬೆಂಗಳೂರಿನ ಕೀಟ ಸಂಪನ್ಮೂಲ ಸಂಸ್ಥೆಯ (ಎನ್‌ಬಿಎಐಆರ್) ಐಸೇರಿಯ ಫ್ಯೂಮೊಸೊರೋಸಿಯ.

ರಸದ ಜೊತೆ ರೋಗ

ಹೀರುವ ಸೂಜಿಯೇ ರೋಗದ ದಾರಿ. ರೋಗ, ಕಾರಕ, ವಾಹಕ ಮೂರನ್ನೂ ಸೇರಿಸಿ ಓದಿ:

- ತೆಂಗಿನ ಬೇರು ಸೊರಗು (ಕೇರಳ ಸೊರಗು): ಕಾರಕ ಫೈಟೊಪ್ಲಾಸ್ಮ. ವಾಹಕ ಜಾಲರೆಕ್ಕೆ ತಿಗಣೆ ಸ್ಟೆಫನೈಟಿಸ್ ಟಿಪಿಕ ಮತ್ತು ಜಿಗಿಹುಳು ಪ್ರೌಟಿಸ್ಟ ಮೊಯೆಸ್ಟ. 1882ರ ದೊಡ್ಡ ನೆರೆಯ ನಂತರ ಈರಾಟ್ಟುಪೇಟ ಕಡೆ ಮೊದಲು ಗಮನಕ್ಕೆ ಬಂತು. ತಾಳಿಕೊಳ್ಳುವ ತಳಿಗಳು: ಕಲ್ಪರಕ್ಷಾ, ಕಲ್ಪಶ್ರೀ. ಕಾಯಂಕುಳಂ ಸಂಶೋಧನಾ ಕೇಂದ್ರ ಹುಟ್ಟಿದ್ದೇ ಈ ರೋಗಕ್ಕಾಗಿ, 1947ರಲ್ಲಿ.
- ಅಡಿಕೆಯ ಹಳದಿ ಎಲೆ ರೋಗ: ಕಾರಕ ಫೈಟೊಪ್ಲಾಸ್ಮ, ವಾಹಕ ಅದೇ ಪ್ರೌಟಿಸ್ಟ ಮೊಯೆಸ್ಟ. 1914ರಲ್ಲಿ ಮಧ್ಯ ಕೇರಳದಲ್ಲಿ, ಇಂದಿನ ಎರ್ನಾಕುಲಂ ಜಿಲ್ಲೆಯ ಮೂವಾಟ್ಟುಪುಳ ಮೊದಲಾದ ಕಡೆ ದಾಖಲೆ. ಕರ್ನಾಟಕದಲ್ಲಿ ಸುಳ್ಯದ ಸಂಪಾಜೆ, ಶೃಂಗೇರಿ, ಕೊಪ್ಪ. ಎಲೆಚುಕ್ಕಿ ರೋಗ ಬೇರೆ. ಅದು ಶಿಲೀಂಧ್ರದ್ದು, ವಾಹಕ ಕೀಟ ಬೇಕಿಲ್ಲ. ಈಗ ಎರಡೂ ಒಟ್ಟಿಗೆ ಸುದ್ದಿಯಲ್ಲಿರುವುದರಿಂದ ಪತ್ರಿಕೆಗಳಲ್ಲೇ ಗೊಂದಲ ಕಾಣುತ್ತದೆ.
- ಏಲಕ್ಕಿಯ ಕಟ್ಟೆ ರೋಗ: ವೈರಸ್, ವಾಹಕ ಗಿಡಹೇನು ಪೆಂಟಲೋನಿಯ. ಕೊಡಗು, ಸಕಲೇಶಪುರ.
- ಬಾಳೆಯ ಗುಚ್ಛ ತುದಿ ರೋಗ: ವೈರಸ್, ವಾಹಕ ಪೆಂಟಲೋನಿಯ ನೈಗ್ರೊನರ್ವೋಸ. 1940ರ ಸುಮಾರಿಗೆ ಶ್ರೀಲಂಕಾದಿಂದ ತಿರುವಾಂಕೂರಿನ ಕೋಟ್ಟಯಂ ಕಡೆಗೆ ಬಂತು.
- ಮರಗೆಣಸಿನ ಮೊಸಾಯಿಕ್: ಜೆಮಿನಿ ವೈರಸ್, ವಾಹಕ ಬೆಮಿಸಿಯ ಟಬಾಸಿ ಬಿಳಿನೊಣ. ನಿರೋಧಕ ತಳಿ: ಶ್ರೀಕಾರ್ಯಂನ ಶ್ರೀ ರಕ್ಷಾ.

ಭತ್ತದ ಕಂದು ಜಿಗಿಹುಳು (ನೀಲಪರ್ವತ ಲೂಜೆನ್ಸ್) ರೋಗಕ್ಕಿಂತ ತನ್ನ ಸಂಖ್ಯೆಯಿಂದಲೇ ಗದ್ದೆ ಸುಡುತ್ತದೆ. 1973–74ರಲ್ಲಿ ಕುಟ್ಟನಾಡಿನಲ್ಲಿ ದೊಡ್ಡ ಹಾವಳಿ. ಬುಡದಲ್ಲಿ ಕೂತು ಹೀರುವ ಹುಳುವಿಗೆ ತುದಿಗೆ ಔಷಧ ಹೊಡೆದರೆ ಜೇಡಗಳು ಸಾಯುತ್ತವೆ, ಹುಳು ದುಪ್ಪಟ್ಟಾಗುತ್ತದೆ.

ಎಂಡೋಸಲ್ಫಾನ್: ಒಂದು ತಿಗಣೆಯ ಹೆಸರಿನಲ್ಲಿ

ಗೇರಿನ ಟೀ ಸೊಳ್ಳೆ, ಹೆಲೊಪೆಲ್ಟಿಸ್ ಆಂಟೋನಿ. ಚಿಗುರು, ಹೂಗೊಂಚಲು, ಎಳೆ ಬೀಜವನ್ನು ಚುಚ್ಚಿ ಹೀರುತ್ತದೆ; ಚುಚ್ಚಿದಲ್ಲಿ ಕಪ್ಪು ಕಲೆ, ಕೊನೆಗೆ ಗೊಂಚಲೇ ಕರಟುತ್ತದೆ. ಇದನ್ನು ಕೊಲ್ಲಲು ಕಾಸರಗೋಡಿನ ಗೇರು ತೋಟಗಳ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸುರಿಸಿತು. ಗುಡ್ಡದ ತಲೆಯಲ್ಲಿ ಗೇರು, ಬುಡದಲ್ಲಿ ಮನೆ, ನಡುವೆ ಮನೆಗಳಿಗೆ ನೀರು ಬರುವ ಸುರಂಗ ಮತ್ತು ತೋಡು. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ ಪ್ರದೇಶ ಕನ್ನಡ, ತುಳು ಮಾತನಾಡುವ ನೆಲ. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳತ್ತ ಬೊಟ್ಟು ಮಾಡಿದರು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಲುಪಿಸಿದರು. ಅಂಬಿಕಾಸುತನ್ ಮಾಂಙಾಡ್ ಅವರ ಮಲಯಾಳಂ ಕಾದಂಬರಿ ‘ಎನ್ಮಕಜೆ’ ಈ ನೆಲದ ಮೇಲೇ ನಿಂತದ್ದು. ಕರ್ನಾಟಕದ ಕಡೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಸುತ್ತಲೂ ಗೇರು ತೋಟಗಳ ಸಿಂಪಡಣೆಯದ್ದೇ ದುರಂತ.

- ಏಪ್ರಿಲ್ 2011, ಜಿನೀವಾ: ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರ್ಪಡೆ.
- 13 ಮೇ 2011: ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶ, ದೇಶದಲ್ಲಿ ತಯಾರಿಕೆ, ಮಾರಾಟ, ಬಳಕೆಗೆ ತಡೆ.
- 10 ಜನವರಿ 2017: ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆದೇಶ.

ರಾಸಾಯನಿಕ ವರ್ಗ ಕೇಳಿದರೆ ಆರ್ಗನೊಕ್ಲೋರಿನ್. ಪ್ರಬಂಧ ಪತ್ರಿಕೆಯಲ್ಲಿ ಈ ವಿಷಯ ಬಂದಾಗ ‘ಕೀಟನಾಶಕದ ದುಷ್ಪರಿಣಾಮ’ ಎಂದು ತೇಲಿಸಿ ಬರೆಯುವುದಕ್ಕಿಂತ, ತಿಗಣೆ ಯಾವುದು, ಬೆಳೆ ಯಾವುದು, ಸಿಂಪಡಿಸಿದ್ದು ಹೇಗೆ, ಎಷ್ಟು ವರ್ಷ ಎಂದು ಬರೆದರೆ ಉತ್ತರಕ್ಕೆ ತೂಕ.

ಹೊರಗಿನಿಂದ ತರಿಸಿದ ಶತ್ರುಗಳು

- 1898: ಆಸ್ಟ್ರೇಲಿಯದ ಗುಲಗಂಜಿ ಹುಳು ಕ್ರಿಪ್ಟೊಲೀಮಸ್. ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ತಂದದ್ದು, ಅದಕ್ಕೆ ಆಗಲಿಲ್ಲ. ಹಿಟ್ಟು ತಿಗಣೆಗೆ ಇಂದಿಗೂ ಅದೇ ಮದ್ದು.
- 1928: ನೀಲಗಿರಿಯ ವಾಟಲ್ ಮರಗಳಲ್ಲಿ ಐಸೆರಿಯ ಎಂಬ ಹತ್ತಿ ಶಲ್ಕ ಕೀಟ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು 1888–89ರಲ್ಲಿ ಉಳಿಸಿದ್ದ ರೊಡೋಲಿಯ ಕಾರ್ಡಿನಾಲಿಸ್ ಗುಲಗಂಜಿಯನ್ನೇ ಇಲ್ಲಿಗೂ ತರಿಸಲಾಯಿತು.
- 1988: ಸುಬಾಬುಲ್ ಮರದ ಸಿಲಿಡ್. ಎದುರಾಳಿ ಕ್ಯುರಿನಸ್ ಗುಲಗಂಜಿ, ಥಾಯ್ಲೆಂಡಿನಿಂದ.
- 2008: ಪಪ್ಪಾಯಿ ಹಿಟ್ಟು ತಿಗಣೆ, ಕೊಯಮತ್ತೂರು. ಹಿಪ್ಪುನೇರಳೆಗೂ ಹತ್ತಿದ್ದರಿಂದ ರೇಷ್ಮೆ ಬೆಳೆಗಾರರಿಗೂ ಪೆಟ್ಟು. 2010ರಲ್ಲಿ ಪೋರ್ಟೊ ರಿಕೊದಿಂದ ಅಸೆರೊಫೇಗಸ್ ಪಪಾಯೆ ಕಣಜ.
- 2020: ಮರಗೆಣಸಿನ ಹಿಟ್ಟು ತಿಗಣೆ, ತ್ರಿಶೂರು. 2021ರಲ್ಲಿ ಆಫ್ರಿಕದ ಬೆನಿನ್‌ನಿಂದ ಅನಗೈರಸ್ ಲೊಪೆಜಿ ಕಣಜ. ಇದೇ ಕಣಜವನ್ನು ಆಫ್ರಿಕದಲ್ಲಿ ಬಿಟ್ಟು ಕೋಟ್ಯಂತರ ಜನರ ಆಹಾರ ಕಾಪಾಡಿದ್ದಕ್ಕೆ ಹ್ಯಾನ್ಸ್ ಹೆರನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ.

ಕೊನೆಯ ಎರಡನ್ನೂ ತರಿಸಿದ್ದು ಬೆಂಗಳೂರಿನ ಹೆಬ್ಬಾಳದ ಸಂಸ್ಥೆ. ಹೆಸರು ಎರಡು ಬಾರಿ ಬದಲಾಗಿದೆ, ಸಂಸ್ಥೆ ಒಂದೇ: 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ, 2009ರಲ್ಲಿ ರಾಷ್ಟ್ರೀಯ ಕೃಷಿ ಮಹತ್ವದ ಕೀಟಗಳ ಬ್ಯೂರೊ (ಎನ್‌ಬಿಎಐಐ), 2014ರಿಂದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ (ಎನ್‌ಬಿಎಐಆರ್).

ಬೇಕಾದ ರಸಹೀರುಕಗಳು

ಅರಗು: ಕೆರಿಯ ಲಕ್ಕ. ರಾಳ ಸುರಿಸುವುದು ಹೆಣ್ಣು. ಹಳೆ ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೆ ಬೆಳೆಸುತ್ತಿದ್ದರು. ಚನ್ನಪಟ್ಟಣದ ಗೊಂಬೆಯ ಹೊಳಪು ಇದರದ್ದೇ. ದುರ್ಯೋಧನ ಕಟ್ಟಿಸಿದ ಮನೆಗೂ ಇದೇ ಸಾಮಗ್ರಿ. ಸಂಶೋಧನಾ ಸಂಸ್ಥೆ ರಾಂಚಿಯಲ್ಲಿ, 1924ರಿಂದ.

ಕೋಚಿನಿಯಲ್: 1795ರಲ್ಲಿ ಕೆಂಪು ಬಣ್ಣ ಕೊಡುವ ಹುಳುವೆಂದು ಬ್ರೆಜಿಲ್‌ನಿಂದ ಬಂಗಾಳಕ್ಕೆ ತಂದರು. ಬಂದದ್ದು ಬೇರೆ ಪ್ರಭೇದ, ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್, ಬಣ್ಣ ಕಳಪೆ. ಆದರೆ ಅದು ಪಾಪಾಸುಕಳ್ಳಿಯನ್ನು ಹೀರಿ ಒಣಗಿಸಿತು. ಕೀಟದಿಂದ ಕಳೆ ನಿಯಂತ್ರಣವಾದ ಜಗತ್ತಿನ ಮೊದಲ ದಾಖಲೆಯೆಂದು ಇದನ್ನೇ ಹೇಳುತ್ತಾರೆ.

ಸಂಸ್ಥೆ ಮತ್ತು ಊರು

ತೆಂಗು ಅಭಿವೃದ್ಧಿ ಮಂಡಳಿ (1981) ಕೊಚ್ಚಿ. ಸಾಂಬಾರ ಮಂಡಳಿ (1987) ಕೊಚ್ಚಿ. ಆದರೆ ತೆಂಗು, ಅಡಿಕೆಗಳ ಸಂಶೋಧನೆ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐನಲ್ಲಿ (1916ರ ತೆಂಗು ಕೇಂದ್ರ, 1970ರಿಂದ ಈಗಿನ ರೂಪ), ಸಾಂಬಾರ ಬೆಳೆಗಳದ್ದು ಕೋಳಿಕ್ಕೋಡಿನಲ್ಲಿ. ಮಂಡಳಿಯ ಊರು, ಸಂಶೋಧನೆಯ ಊರು ಬೇರೆ ಬೇರೆ ಎಂಬುದನ್ನು ಹೊಂದಿಸಿ ಬರೆಯುವ ಪ್ರಶ್ನೆಗೆ ನೆನಪಿಡಿ. ಗೇರು ಸಂಶೋಧನೆ ಪುತ್ತೂರು (1986), ಕಾಫಿಯದು ಬಾಳೆಹೊನ್ನೂರು (1925), ಗೆಡ್ಡೆಬೆಳೆ ತಿರುವನಂತಪುರ (1963), ಕೇರಳ ಅರಣ್ಯ ಸಂಶೋಧನೆ ತ್ರಿಶೂರಿನ ಪೀಚಿ (1975), ಬಾಳೆ ತಿರುಚಿರಾಪ್ಪಳ್ಳಿ.